ನಾನು ಕಾಣದ ನಗು

ಶಾಂತಮ್ಮ, ನಿಮ್ಮ ತಮ್ಮ ಮಹೇಶನನ್ನು ನಾನು ನೋಡಲೇ ಇಲ್ಲ. ಮುಂಬಯಿಯ ನಿಲ್ದಾಣದಲ್ಲಿ ಗುಂಡು ಹಾರಿದ ಆ ರಾತ್ರಿ ನಾನು ಕೋಡಂಬಾಕ್ಕಂನ ನನ್ನ ಮನೆಯಲ್ಲಿ, ಟಿವಿ ಮುಂದೆ, ಮೊಸರನ್ನದ ತಟ್ಟೆ ಹಿಡಿದು ಕೂತಿದ್ದೆ. ಅದರ ಹಿಂದಿನ ದಿನವೇ ಮುಂಬಯಿಯಿಂದ ಚೆನ್ನೈಗೆ ಬಂದು ಇಳಿದಿದ್ದೆ.

ಮುಂಬಯಿ ನನ್ನನ್ನು ಸಾಕಿದ ಊರು. ಮೀಸೆ ಮೂಡುವ ಮೊದಲೇ ಅಲ್ಲಿ ಬಟ್ಟೆಯ ಗಂಟು ಹೊತ್ತಿದ್ದೇನೆ. ಟಿ. ನಗರದಲ್ಲಿ ಸ್ವಂತ ಅಂಗಡಿ ಆದ ಮೇಲೂ ಸರಕಿಗೆ ಅಲ್ಲಿಗೇ ಹೋಗುತ್ತಿದ್ದೆ. ಅಂಥ ಊರು ಉರಿಯುವಾಗ ನಾನು ಮಾಡಿದ್ದೇನು — ಚಾನೆಲ್ ಬದಲಿಸಿದೆ. ಅಷ್ಟೇ.

ಬೆನ್ನು ಹಿಡಿದುಕೊಂಡು ಮನೆಯಲ್ಲೇ ಮಲಗಿದ್ದೆ; ಅಂಗಡಿಗೆ ಹೋಗಿದ್ದೇ ಕೆಲವು ದಿನ ಬಿಟ್ಟು. ಆಗಷ್ಟೇ ಮುಂಬಯಿಯಿಂದ ಬಂದೆನೆಂದು ಎಲ್ಲರೂ ತಿಳಿದರು. ಪಕ್ಕದ ಬಳೆ ಅಂಗಡಿಯ ನಾಗರಾಜ ಓಡಿ ಬಂದ. “ಅವತ್ತು ಸ್ಟೇಷನ್ನಲ್ಲೇ ಇದ್ದೆ ಕಣಯ್ಯ, ಸ್ವಲ್ಪದರಲ್ಲಿ ತಪ್ಪಿತು” ಎಂದುಬಿಟ್ಟೆ. ಯಾಕೆಂದೆನೋ —

“ಅಯ್ಯೋ ಸಾರ್, ಯಮನ ಹತ್ರಾನೂ ಪೇರಂ ಪೇಸಿ ಬಂದ್ಬಿಟ್ರಾ!” ಎಂದು ಕೈ ಹಿಡಿದುಕೊಂಡ. ಅವನ ತಮಿಳಿನ ಪೇರಂ ಎಂದರೆ ಚೌಕಾಸಿ; ಅದರಲ್ಲಿ ನಾನು ಎಂಥವನೆಂದು ಬೀದಿಗೇ ಗೊತ್ತಿತ್ತು. ಆ ಮಾತು ರುಚಿಸಿತು. ಕೇಳಿದವರಿಗೆಲ್ಲ ಇನ್ನಷ್ಟು ಸೇರಿಸಿ ಹೇಳಿದೆ.

ಸುದ್ದಿ ಕೇಳಿ ನೀವು ವಡಪಳನಿಯಿಂದ ಬಂದಿರಿ, ಫೋಟೋ ಹಿಡಿದುಕೊಂಡು.

“ಅಣ್ಣಾ, ಇವ್ನು ನನ್ ತಮ್ಮ. ಅಲ್ಲೇ ರೈಲಿಗೆ ಕಾಯ್ತಿದ್ದ, ಗುಂಡು ತಗುಲಿ ಹೋಗ್ಬಿಟ್ಟ. ನೋಡಿದ್ರಾ? ಸಿಟ್ಟಲ್ಲಿದ್ನಾ? ಅವತ್ತು ಸಾಯಂಕಾಲ ಫೋನಲ್ಲಿ ಜಗಳ ಆಡಿ, ಇನ್ಮೇಲೆ ನಂಗೆ ತಮ್ಮಾನೇ ಇಲ್ಲ ಅಂದ್ಬಿಟ್ಟಿದ್ದೆ...”

ಇಲ್ಲಮ್ಮ, ನಾನು ಅಲ್ಲಿರಲಿಲ್ಲ — ಇಷ್ಟೇ ಹೇಳಬೇಕಿದ್ದದ್ದು. ಆದರೆ ಎದುರಿಗಿರುವವರಿಗೆ ಏನು ಬೇಕೆಂದು ಮುಖ ನೋಡಿ ತಿಳಿದು, ಅದನ್ನೇ ಬಿಚ್ಚಿ ಹರವುವುದು ನನ್ನ ಕಸುಬು.

“ಸಿಟ್ಟೆಲ್ಲಿ ಬಂತಮ್ಮ? ವಡಾಪಾವ್ ತಿಂತಾ, ಯಾರ ಜೊತೇನೋ ನಗ್ತಾ ನಿಂತಿದ್ದ.”

ನೀವು ಅಲ್ಲೇ ಸ್ಟೂಲಿನ ಮೇಲೆ ಕುಸಿದು ಅತ್ತಿರಿ. ಪುಣ್ಯದ ಕೆಲಸ ಮಾಡಿದೆನೆಂದುಕೊಂಡು, ಮೇಲೆ ಧೈರ್ಯದ ಉಪದೇಶವನ್ನೂ ಮಾಡಿ ಕಳಿಸಿದೆ.

ವರ್ಷ ತುಂಬಿ ಅವನಿಗೆ ಎಡೆ ಇಟ್ಟ ದಿನ ನನ್ನನ್ನೂ ಕರೆದಿರಿ. ಬಾಳೆಲೆಯ ಮೇಲೆ ಕಾಯಿಹೋಳಿಗೆಯ ಪಕ್ಕ ವಡಾಪಾವ್. ಅವನ ಹೆಂಡತಿ ಗೀತಾ ಮೆಲ್ಲಗೆ ಅಂದಳು: “ಅತ್ತಿಗೆ, ಅವರು ವಡಾಪಾವ್ ಮುಟ್ತಾನೇ ಇರ್ಲಿಲ್ಲ. ಕಡಲೆಹಿಟ್ಟು ಆಗ್ತಿರ್ಲಿಲ್ಲ ಅವರಿಗೆ.”

“ಸುಮ್ನಿರೇ, ಕಣ್ಣಾರೆ ಕಂಡೋರು ಇಲ್ಲೇ ಕೂತಿದಾರೆ” ಎಂದಿರಿ.

ಆ ಹುಡುಗಿ ನನ್ನ ಮುಖ ನೋಡಿದಳು. ನಾನು ತಲೆ ತಗ್ಗಿಸಿ ಪಾಯಸ ಕಲಸಿದೆ. ತನ್ನ ಗಂಡನ ಬಗ್ಗೆ ಅವಳು ಮತ್ತೆ ಬಾಯಿ ಬಿಡಲಿಲ್ಲ. ಮುಂದಿನ ವರ್ಷದಿಂದ ಎಡೆಗೆ ಬರಲೂ ಇಲ್ಲ. “ಗಂಡನ ನೆನಪೇ ಬೇಡವಾಯ್ತು ಅವ್ಳಿಗೆ” ಎಂದು ನೀವು ನನ್ನೆದುರೇ ಹೇಳಿದಿರಿ. ಆಗಲೂ — ಉಂಡು, ಕೈ ತೊಳೆದು, ಬಂದೆ.

ಸಾಕಾಗಿದೆ, ಶಾಂತಮ್ಮ. ಊರಿಗೆಲ್ಲ ಬುದ್ಧಿ ಹೇಳಿದ ಬಾಯಿ ಇದು. ನಿಮಗೆ ಹೇಳಲು ಒಂದೇ ಉಳಿದಿದೆ. ಇದನ್ನು ಓದಿದ ಮೇಲೆ ಗೀತಾಳ ಮನೆಗೆ ಹೋಗಿ. ಅವಳು ಹೇಳಿದ್ದೇ ನಿಜ. ಈ ಸಲ ಎಲೆಯ ಮೇಲೆ ಏನಿಡಬೇಕೆಂದು ಅವಳನ್ನೇ ಕೇಳಿ. ನನ್ನನ್ನು ಕರೆಯಬೇಡಿ.

ಆ ರಾತ್ರಿ ಅವನು ಸಿಟ್ಟಿನಲ್ಲಿದ್ದನೇ ಎಂದು ಕೇಳಿದ್ದಿರಿ. ನನಗೆ ಗೊತ್ತಿಲ್ಲಮ್ಮ.