ಕೈ ಮುಗಿಯಲೊಂದು ಬಲ್ಬು

ಮುಸ್ಸಂಜೆ ಸ್ವಿಚ್ಚು ಒತ್ತಿದೊಡನೆ ಹೊತ್ತಿಕೊಂಡ ಬಲ್ಬಿಗೆ ಕೈ ಮುಗಿಯುವುದು ನಮ್ಮ ಕಡೆಯ ರೂಢಿ. ದೇವರಮನೆಯ ದೀಪಕ್ಕೆ ಸಲ್ಲುತ್ತಿದ್ದ ಮರ್ಯಾದೆಯನ್ನು, ವಿದ್ಯುತ್ತು ಬಂದಾಗ, ನಮ್ಮ ಹಿರಿಯರು ಚೌಕಾಸಿ ಮಾಡದೆ ಗಾಜಿನ ಬುರುಡೆಗೂ ಹಂಚಿಬಿಟ್ಟರು. ಕರೆಂಟು ಹೋಗಿ ಬಂದಷ್ಟು ಸಲವೂ ಮುಗಿಯಬೇಕಾದ್ದರಿಂದ ನಮ್ಮೂರು ಸಂಶಿಯವರಷ್ಟು ಭಕ್ತರು ಬೇರೆಲ್ಲೂ ಸಿಗಲಾರರೆಂದು ನನ್ನ ಗುಮಾನಿ.

ಇಂಥ ಊರಲ್ಲಿ ಹುಟ್ಟಿದ ನಾನು ವಾಸ್ತುಶಿಲ್ಪ ಓದಿ, ಹುಬ್ಬಳ್ಳಿಯಲ್ಲಿ ಒಳಾಂಗಣ ಮತ್ತು ಅಲಂಕಾರ ದೀಪಗಳ ವಿನ್ಯಾಸಕನೆಂದು ಫಲಕ ತೂಗುಹಾಕಿದ್ದೇನೆ. ಊರವರ ಪಾಲಿಗೆ ಮಾತ್ರ ನಾನು ‘ಲೈಟಿನಾಂವ’. ಹೋದಾಗಲೆಲ್ಲ ಪಂಪ್‌ಸೆಟ್ಟಿನ ಸ್ಟಾರ್ಟರ್ ನೋಡಿಕೊಡು ಎನ್ನುತ್ತಾರೆ. ಈ ಅಪಕೀರ್ತಿ ತೊಳೆಯಲು ಸಿಕ್ಕ ಅವಕಾಶವೆಂದರೆ ಕುಬಿಹಾಳದ ನನ್ನ ಸೋದರತ್ತೆ ಪಾರವ್ವನ ಹೊಸ ಮನೆ. ಅದು ಆಕೆಗೆ ಒಪ್ಪಿಗೆಯಾದರೆ ಆಕೆಯ ಮೈದುನ, ಅಂದರೆ ಮಾವನ ತಮ್ಮನೂ ತಾನು ಕಟ್ಟಿಸಲಿದ್ದ ಮನೆಯನ್ನು ನನಗೇ ಒಪ್ಪಿಸುವವನಿದ್ದ.

ಬೆಳಕು ಕಾಣಬೇಕು, ದೀಪ ಕಾಣಬಾರದು ಎಂಬುದು ನಮ್ಮ ವೃತ್ತಿಯ ಪರಮ ಸಿದ್ಧಾಂತ. ಅಂತೆಯೇ ಚಾವಣಿಯ ಅಂಚಿನೊಳಗೆ ದೀಪದ ಪಟ್ಟಿಗಳನ್ನು ಅಡಗಿಸಿ, ಗೋಡೆಗಳ ಮೇಲೆ ಜೇನುಬಣ್ಣದ ಬೆಳಕು ಹರಿಸಿದ್ದೆ. ಹೊಸ ಮನೆಯ ಮೊದಲ ಸಂಜೆ, ಬೀಗರೆಲ್ಲ ಕೂತಿರುವಾಗ, ಅತ್ತೆ ಸ್ವಿಚ್ಚು ಒತ್ತಿ ಕೈ ಜೋಡಿಸಿ ಮೇಲೆ ನೋಡಿದಳು. ಜೋಡಿಸಿದ ಕೈ ಬಿಡಿಸದೆ ಕೋಣೆಯಲ್ಲೇ ಪೂರ್ತಿ ಒಂದು ಸುತ್ತು ತಿರುಗಿದಳು.

“ಲೇ ತಮ್ಮಾ, ಬೆಳಕ ಬಂತು. ದೀಪ ಎಲ್ಲೈತಿ? ಕೈ ಯಾವ ಕಡೆ ಮುಗೀಲಿ?”

“ಗ್ವಾಡಿ ತುಂಬ ಬೆಳಕೈತೆಲ್ಲ ಅತ್ತಿ, ಎಲ್ಲೆ ಬೇಕಾದಲ್ಲೆ ಮುಗಿ.”

“ಗ್ವಾಡಿ ಏನ್ ನಮ್ಮ ಮನಿದೇವರೇನು?”

ದೀಪಕ್ಕೆ ಕೈ ಮುಗಿಯದೆ ಒಲೆ ಹಚ್ಚುವುದಿಲ್ಲವೆಂದು ಆಕೆ ಕೂತೇಬಿಟ್ಟಳು. ಹಸಿದ ಬೀಗರು ನನ್ನನ್ನೇ ನೋಡಿದರು. ಮಾವನ ತಮ್ಮ ಚಾವಣಿ ನೋಡಿ ಕೆಮ್ಮಿದ. ನನಗೆ ನಿಜಕ್ಕೂ ಅಳು ಬಂತು. ಕೊನೆಗೆ ನನ್ನದೇ ನುಣುಪಾದ ಚಾವಣಿಯ ನಟ್ಟನಡುವೆ ನನ್ನ ಕೈಯಾರೆ ತೂತು ಕೊರೆದು, ಕರಿ ಹೋಲ್ಡರಿನಲ್ಲಿ ಬೋಳು ಬಲ್ಬೊಂದನ್ನು ನೇತುಹಾಕಿ, ಬೀಗರೆದುರು ಅಧಿಕೃತವಾಗಿ ಲೈಟಿನಾಂವನಾದೆ.

ಅತ್ತೆ ಕೈ ಮುಗಿದಳು, ರೊಟ್ಟಿ ಬಡಿದಳು. ಉಂಡು ಧಾರಾವಾಹಿ ನೋಡಲು ಕೂತವಳೇ, “ಆ ಬಲ್ಬ್ ಆರಸಲೇ, ಕಣ್ಣಿಗೆ ಚುಚ್ಚತೈತಿ. ನಿಂದ ಛಲೋ ಐತಿ, ಇರಲಿ” ಎಂದಳು.

ಮಾವನ ತಮ್ಮ ಕೆಲಸ ಒಪ್ಪಿಸಿದ, ಬಲ್ಬು ಮೊದಲೇ ಹಾಕಬೇಕೆಂಬ ಕರಾರಿನ ಮೇಲೆ. ಈಗ ನನ್ನ ಪ್ರತಿ ನಕ್ಷೆಯ ನಡುವೆಯೂ ಅಂಥದೊಂದು ಬಲ್ಬಿರುತ್ತದೆ. ಮುಸ್ಸಂಜೆ ಒಂದು ಗಳಿಗೆ ಉರಿದು ನಮಸ್ಕಾರ ಸ್ವೀಕರಿಸುವುದಷ್ಟೇ ಅದರ ಉದ್ಯೋಗ.

ಮೊನ್ನೆ ಹುಬ್ಬಳ್ಳಿಯಲ್ಲಿ, ಒಂದೂ ದೀಪ ಕಾಣದಂತೆ ನಾನು ಹಿಂದೆಯೇ ಸಿಂಗರಿಸಿದ ನನ್ನ ಸ್ವಂತ ಮನೆಯಲ್ಲಿ, ಮುಸ್ಸಂಜೆ ಸ್ವಿಚ್ಚು ಒತ್ತಿದೆ. ಕೈಗಳು ತಾವಾಗಿಯೇ ಕೂಡಿಕೊಂಡವು. ಎಡಬಲ ನೋಡಿದೆ. ಹೆಂಡತಿ ಹತ್ತಿರದಲ್ಲಿಲ್ಲವೆಂದು ಖಾತ್ರಿಯಾದ ಮೇಲೆ ಫ್ರಿಜ್ಜಿನ ಬಾಗಿಲು ತೆರೆದು, ಮೊಸರಿನ ಪಾತ್ರೆಯ ಹಿಂದೆ ಉರಿಯುತ್ತಿದ್ದ ಪುಟ್ಟ ಬಲ್ಬಿಗೆ ಕೈ ಮುಗಿದೆ.