ಗ್ರೇಡಿಂಗಿನ ಸೂಪರ್‌ವೈಸರ್

ನಾನೂ ಅವಳೂ ಒಂದೇ ವಾರ ಕೆಲಸಕ್ಕೆ ಸೇರಿದವರು, ಕಿರಿಮಂಜೇಶ್ವರದ ಹತ್ತಿರದ ಒಂದು ಗೇರುಬೀಜ ಕಾರ್ಖಾನೆಗೆ. ನನ್ನ ಮನೆ ಅಲ್ಲಿಂದ ನಡೆದುಹೋಗುವಷ್ಟೇ ದೂರ. ಅವಳು ಗಂಗೊಳ್ಳಿಯ ಮೀನುಗಾರರ ಮನೆಯ ಸೊಸೆ, ಬಸ್ಸಿನಲ್ಲಿ ಬರುತ್ತಿದ್ದಳು. ಸಿಪ್ಪೆ ತೆಗೆದ ಗೋಡಂಬಿಯಲ್ಲಿ ಇಡಿ, ಅರೆ, ಚೂರು ಎಂದು ಆರಿಸಿ ಬೇರೆ ಮಾಡುವ ಗ್ರೇಡಿಂಗ್ ವಿಭಾಗದಲ್ಲಿ ಎದುರುಬದುರು ಕೂತೇ ನಮ್ಮಿಬ್ಬರ ಕೂದಲೂ ನೆರೆತಿತ್ತು.

ಆಗೆಲ್ಲ ಅಲ್ಲಿ ಧಣಿಗಳಿದ್ದರು, ನಾವಿದ್ದೆವು, ನಡುವೆ ಯಾರೂ ಇರಲಿಲ್ಲ. ರಜೆ ಬೇಕಾದರೆ ಅವರ ಕಾರು ಬಂದಾಗ ಹೋಗಿ ಕೇಳಿದರಾಯಿತು. ಅವರಿಗೆ ಪ್ರಾಯವಾಗಿ, ಮುಂಬಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಅವರ ಅಳಿಯ ಬಂದು ಕೂತ ಮೇಲೆ ಎಲ್ಲ ಬದಲಾಯಿತು. ಒಂದು ಬೆಳಿಗ್ಗೆ ಈ ಅಳಿಯ ಧಣಿ ನಮ್ಮನ್ನೆಲ್ಲ ಅಂಗಳದಲ್ಲಿ ಸೇರಿಸಿದರು.

"ಇದ್ ಇನ್ ಕಂಪೆನಿ. ಯಾರ್ ಯಾರಿಗೆ ಹೇಳ್ಕ್, ಯಾರ್ ಮಾತ್ ಕೇಣ್ಕ್ ಅಂದೇಳಿ ಒಂದ್ ಕ್ರಮ ಇರ್ಕ್."

ಮೇಲೆ ಅವರು, ಅವರ ಕೆಳಗೆ ಮ್ಯಾನೇಜರು, ಮ್ಯಾನೇಜರ ಕೈಕೆಳಗೆ ವಿಭಾಗಕ್ಕೊಬ್ಬ ಸೂಪರ್‌ವೈಸರ್. ಗ್ರೇಡಿಂಗಿಗೆ ಯಾರು ಎಂದು ಹೇಳುವ ಹೊತ್ತಿಗೆ ನಾನು ಸೆರಗು ಸರಿಮಾಡಿಕೊಂಡೆ. ಅವರು ಅವಳ ಕಡೆ ಕೈ ತೋರಿಸಿದರು.

ಎಲ್ಲರೂ ಅವಳ ಬೆನ್ನು ತಟ್ಟಿದರು. ನಾನೂ ತಟ್ಟಿದೆ. ಒಳಗೆ ಮಾತ್ರ ಕೆಂಡ ನುಂಗಿದ ಹಾಗಾಗಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವಳು, ಅವಳು ಏಳನೆಯದಕ್ಕೇ ಶಾಲೆ ಬಿಟ್ಟವಳು. ಅವಳಿಗೆ ನೀಲಿ ಕೋಟು ಬಂತು, ಕಿಟಕಿಯ ಪಕ್ಕ ಕುರ್ಚಿ ಬಂತು, ತಲೆಯ ಮೇಲೆ ಫ್ಯಾನು ಬಂತು. ಆ ಕೋಟು ಅವಳ ಭುಜಕ್ಕೆ ದೊಗಳೆ. ನನಗಾದರೆ ಹೇಳಿ ಹೊಲಿಸಿದ ಹಾಗೆ ಕೂರುತ್ತಿತ್ತು ಎಂದು ದಿನವೂ ಕಣ್ಣಲ್ಲೇ ಅಳೆಯುತ್ತಿದ್ದೆ. ಮಧ್ಯಾಹ್ನ ಅವಳು ಎಂದಿನಂತೆ ತನ್ನ ಬುತ್ತಿಯ ಬಂಗುಡೆ ಮೀನಿನ ತುಂಡನ್ನು ನನ್ನ ಅನ್ನದ ಮೇಲೆ ಇಟ್ಟರೆ, ಸೂಪರ್‌ವೈಸರ್ ಕೊಟ್ಟದ್ದು ಎನಿಸಿ ಬದಿಗೆ ಸರಿಸಿಡುತ್ತಿದ್ದೆ.

ತಂಗಿಯ ಮಗಳ ಮದುವೆಗೆ ಬ್ರಹ್ಮಾವರಕ್ಕೆ ಹೋಗಬೇಕಿತ್ತು. ಕುರ್ಚಿಯ ಮುಂದೆ ನಿಂತು, "ಎರಡ್ ದಿನ ರಜೆ ಬೇಕಿತ್ತ್, ಮೇಡಂ" ಎಂದೆ.

"ಎಂತ ಮಾರಾಯ್ತಿ, ನಾ ನಿಂಗೆ ಮೇಡಮ್ಮಾ? ಹೋಯ್ ಬಾ."

ಅವಳ ಮುಖ ಸಣ್ಣದಾಯಿತು. ನನಗೆ ಹಿತವಾಯಿತು.

ಹೀಗಿರುವಾಗ ಗೋಡಂಬಿಯನ್ನು ತಾನೇ ಬೇರ್ಪಡಿಸುವ ಯಂತ್ರ ಬಂತು. ಮರುವಾರ ಅಳಿಯ ಧಣಿ ಅವಳನ್ನು ಆಫೀಸಿಗೆ ಕರೆದರು. ಬಾಗಿಲು ತೆರೆದೇ ಇತ್ತು, ಮಾತು ನಮ್ಮ ಬೆಂಚಿನವರೆಗೂ ಕೇಳುತ್ತಿತ್ತು.

"ಪ್ರಾಯ ಆದವ್ರಿಗೆಲ್ಲ ಇನ್ ಕೆಲ್ಸಕ್ಕೆ ಬಪ್ಪುದ್ ಬೇಡ ಅಂದೇಳಿ ಹೇಳಿ. ಅದ್ ಸೂಪರ್‌ವೈಸರ್ ಕೆಲ್ಸ."

"ನನ್ನತ್ರ ಆತಿಲ್ಲ, ಸರ್. ಕೆಲ್ಸ ಹೇಳುದ್ ನನ್ ಕೆಲ್ಸ. ಕೆಲ್ಸದಿಂದ ತೆಗುದಾರೆ ನೀವೇ ಹೇಳಿ."

"ಹಾಂಗಾರೆ ಕೋಟ್ ಬಿಚ್ಚಿಡಿ."

ಅವಳು ಬಿಚ್ಚಿದಳು, ಮಡಚಿ ಅವರ ಮೇಜಿನ ಮೇಲಿಟ್ಟಳು. ಕೈ ತೊಳೆದು ಬಂದವಳಂತೆ ನನ್ನೆದುರು ಬಂದು ಕೂತು ಗೋಡಂಬಿ ಆರಿಸತೊಡಗಿದಳು. ಆಗ ನನಗೆ ಆದದ್ದು ಹೊಸ ಹೊಟ್ಟೆಕಿಚ್ಚು. ಕುರ್ಚಿ ಸಿಕ್ಕಿದ್ದರೆ ನಾನು ಹೀಗೆ ಬಿಟ್ಟು ಬರುತ್ತಿದ್ದೆನೇ ಎಂದು ಕೇಳಿಕೊಂಡೆ. ಉತ್ತರ ಗೊತ್ತಿತ್ತು.

ಕೊನೆಗೆ ಆ ಮಾತು ಹೇಳಲು ಅಳಿಯ ಧಣಿಯೇ ಬರಬೇಕಾಯಿತು. ಅಷ್ಟು ಹೆಂಗಸರು ಕೈ ಕಟ್ಟಿ ಮುಖ ನೋಡುತ್ತ ನಿಂತಾಗ ಅವರಿಗೂ ನಾಲಗೆ ಬರಲಿಲ್ಲ. "ನೀವೆಲ್ಲ ಇನ್ ಪ್ಯಾಕಿಂಗಿಗೆ ಹೋಯ್ನಿ" ಎಂದು ಹೇಳಿ ಹೊರಟುಹೋದರು. ಯಂತ್ರ ತಪ್ಪಿಸಿದ್ದನ್ನು ಆರಿಸಿ ಡಬ್ಬಿಗೆ ತುಂಬುವುದು ನಮ್ಮ ಕೆಲಸವಾಯಿತು. ಮಾರನೆಯ ದಿನ ನನ್ನನ್ನು ಕರೆದು ಕೋಟು ಕೊಟ್ಟರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅಷ್ಟು ಕಾಲ ಆಸೆಪಟ್ಟದ್ದಲ್ಲವೇ.

ಈಗ ರಜೆ ಕೊಡುವವಳು ನಾನು, ಮ್ಯಾನೇಜರಿಗೆ ಉತ್ತರ ಹೇಳುವವಳೂ ನಾನೇ. ಆದರೆ ಆರಿಸಿದ್ದು ಸರಿಯಾಗಲಿಲ್ಲ, ಮತ್ತೊಮ್ಮೆ ನೋಡಿ ಎಂದರೆ ಕೈಗಳೆಲ್ಲ ನಿಲ್ಲುತ್ತವೆ. ಕಣ್ಣುಗಳು ಅವಳ ಕಡೆ ತಿರುಗುತ್ತವೆ. "ಹೌದ್ ಹೆಣೆ, ಮತ್ತೊಂದ್ಸಲ ಕಾಂಬ" ಎಂದು ಅವಳು ಹೇಳಿದ ಮೇಲೆಯೇ ಕೆಲಸ ಮುಂದೆ ಸಾಗುವುದು. ಅವಳು ಬೇಕೆಂದು ಹಾಗೆ ಮಾಡುವುದಿಲ್ಲ. ಮಾಡಿದ್ದರೆ ಜಗಳವಾದರೂ ಆಡಬಹುದಿತ್ತು.

ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟೆ. "ಕುರ್ಚಿ ಹೋಯ್ತ್ ಅಂದೇಳಿ ನಿಂಗೆ ಬೇಜಾರಿಲ್ಯಾ?"

"ಎಂತಕ್ಕೆ? ನೀ ಇದ್ಯಲ್ಲ ಅಲ್ಲ್. ಬೇರೆ ಯಾರಾರೂ ಬಂದಿದ್ರೆ ನಂಗೆ ಹೆದ್ರಿಕಿ ಆತಿತ್ತ್" ಎಂದಳು.

ಅವಳು ಮುಖಸ್ತುತಿ ಮಾಡುವವಳಲ್ಲ. ಆ ಮಾತನ್ನು ಅಷ್ಟು ಸುಲಭವಾಗಿ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆ ಹೇಳಬಲ್ಲಳಲ್ಲ ಎಂದು ನನಗೆ ಇನ್ನೂ ಹೊಟ್ಟೆಕಿಚ್ಚು.