ಹಸಿರು ಚುಕ್ಕೆಗಳು

ಜೆ.ಪಿ. ನಗರದ ನಮ್ಮ ಲ್ಯಾಬಲ್ಲಿ ರೋಗಿಯ ಕ್ಯಾನ್ಸರ್ ಗಡ್ಡೆಯ ಚೂರಿನಿಂದ ಪುಟ್ಟ ಪುಟ್ಟ ಗಡ್ಡೆ ಬೆಳೆಸ್ತೀವಿ. ಅವನ್ನ ತಟ್ಟೆಗಳಲ್ಲಿಟ್ಟು, ಯಾವುದು ಕೆಲಸ ಮಾಡುತ್ತೆ ಅಂತ ನೋಡೋಕೆ ರೋಬೋಟ್ ತಟ್ಟೆಗೊಂದು ಔಷಧಿ ಹನಿಸುತ್ತೆ. ಫಲಿತಾಂಶವನ್ನ ಎಐ ಬಣ್ಣದಲ್ಲಿ ತೋರಿಸುತ್ತೆ.

ಒಂದಿನ ಪದ್ಮನಾಭನಗರದ ಸರೋಜಾ ಆಂಟಿ ತಮ್ಮ ಗಡ್ಡೆ ನೋಡ್ಲೇಬೇಕು ಅಂತ ಬಂದ್ರು. ಯಾವ ತಟ್ಟೆ ಇಟ್ಟರೂ ಪರದೆ ತುಂಬಾ ಹಸಿರು ಚುಕ್ಕೆ.

"ಎಲ್ಲಾ ಹಸಿರು! ಒಳ್ಳೇದಲ್ವೇನಪ್ಪಾ?"

ಹಸಿರು ಅಂದ್ರೆ ಔಷಧಿಗೂ ಸಾಯದೆ ಉಳಿದ ಕ್ಯಾನ್ಸರ್. ಹೇಳೋಕೆ ಧೈರ್ಯ ಬರಲಿಲ್ಲ.

ರೋಬೋಟ್ ಕೊನೇ ತಟ್ಟೆಯನ್ನ ಕ್ಯಾಮೆರಾ ಕೆಳಗಿಟ್ಟಿತು. ಪರದೆ ಪೂರ್ತಿ ಕೆಂಪಾಯ್ತು. ಆಂಟಿ ಗಾಬರಿಯಾಗಿ ನನ್ನ ಕೈ ಹಿಡ್ಕೊಂಡ್ರು.

"ಆಂಟಿ, ಕೆಂಪು ಅಂದ್ರೆ ಕ್ಯಾನ್ಸರ್ ಸತ್ತಿದೆ ಅಂತ. ಈ ಔಷಧಿ ಕೆಲಸ ಮಾಡಿದೆ!"

"ಮೊದಲೇ ಹೇಳ್ಬಾರ್ದಿತ್ತಾ? ಎದೆ ಧಸಕ್ ಅಂತು" ಅಂತ ಬೈದ್ರು.

ನನ್ನೆದೆ ಅವರಿಗಿಂತ ಮುಂಚೆಯೇ ಧಸಕ್ ಅಂದಿತ್ತು. ಲ್ಯಾಬ್ ಕೋಟ್ ಹಾಕ್ಕೊಂಡೋರು ಅದನ್ನೆಲ್ಲ ಹೇಳೋ ಹಾಗಿಲ್ಲ.